ಬಾತುಕೋಳಿಯ ಹೊಟ್ಟೆ

"ಕ್ಲೋರಿನ್ ಇಷ್ಟೊಂದಿದ್ದೂ ನೀರು ಯಾಕಪ್ಪಾ ಹಸಿರಾಗತ್ತೆ?"

ಕೇಳಿದ್ದು ಯಾರನ್ನೂ ಅಲ್ಲ. ಈಜುಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗಾಜಿನ ನಳಿಗೆಯನ್ನು ಬೆಳಗಿನ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ಆಡಿಟರ ಹತ್ತಿರ ಆಗ ಯಾರೂ ಇರಲಿಲ್ಲ. ಇದ್ದದ್ದು ನೀರಿನ ಮೇಲೆ ತೇಲುತ್ತಿದ್ದ ಹಳದಿ ಪ್ಲಾಸ್ಟಿಕ್ ಬಾತುಕೋಳಿ ಒಂದೇ. ಗಾಳಿ ನೂಕಿದ ಕಡೆಗೆ ತಿರುಗಿ ಅದೂ ಅವರಿಗೆ ಬೆನ್ನು ಹಾಕಿತು.

ಔಷಧಿಯ ಹನಿ ಬಿದ್ದ ಕೂಡಲೇ ನಳಿಗೆಯ ನೀರು ಗಾಢ ಹಳದಿಗೆ ತಿರುಗಿತ್ತು. ಅಂದರೆ ಕ್ಲೋರಿನ್ ಇದೆ. ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಆದರೆ ಕೊಳ ಮಾತ್ರ ಯಾರೂ ತಿರುಗಿ ನೋಡದ ಹಳೆಯ ಕೆರೆಯ ಹಾಗೆ ಮಂಕಾಗಿತ್ತು. ಬಿಳಿ ಟೈಲ್ಸಿನ ಗೋಡೆ ಮುಟ್ಟಿದರೆ ಲೋಳೆ. ಇಳಿಯುವ ಮೆಟ್ಟಿಲುಗಳಲ್ಲಿ ಮೇಲಿನದು ಕಾಣುತ್ತಿತ್ತು, ಅದರ ಕೆಳಗಿನದು ಇದೆಯೆಂದು ನಂಬಬೇಕಿತ್ತು. ಅವರು ಊರು ಬಿಟ್ಟು ಹೋಗುವಾಗ ಆ ನೀರಿನ ತಳದಲ್ಲಿ ಬಿದ್ದ ಸೂಜಿಯನ್ನೂ ಮೇಲಿನಿಂದಲೇ ತೋರಿಸಬಹುದಿತ್ತು.

ಬೇಸಿಗೆಯಿಡೀ ಅವರು ಇರಲಿಲ್ಲ. ನಿವೃತ್ತಿಯಾದ ಮೇಲೂ ಹಳೆಯ ಕಚೇರಿಯವರು, ಇನ್ನೊಂದು ಊರಿನ ಶಾಖೆಯ ಲೆಕ್ಕ ಗೋಜಲಾಗಿದೆ, ನೀವೇ ಬಂದು ಬಿಡಿಸಬೇಕು ಅಂದಿದ್ದರು. ಆ 'ನೀವೇ' ಎಂಬ ಮಾತು ಕೇಳಿ ಅವರು ಆ ದಿನವೇ ಪೆಟ್ಟಿಗೆ ಕಟ್ಟಿದ್ದರು. ನಿನ್ನೆ ಸಂಜೆ ವಾಪಸ್ಸು ಬಂದರೆ, ಬಾಗಿಲಲ್ಲಿ ಹೆಂಡತಿ ಅವರ ಕೈಯ ಚೀಲ ಇಸಕೊಳ್ಳುವ ಮೊದಲೇ ಹೇಳಿದ್ದು, ಅಕ್ಕ ನೀರಿಗೆ ಇಳಿಯದೆ ಆಗಲೇ ಒಂದು ವಾರದ ಮೇಲಾಯಿತು ಅಂತ.

ಅಕ್ಕ ಎಂದರೆ ಆಡಿಟರ ಅಕ್ಕ. ತಾಯಿ ಹಾಸಿಗೆ ಹಿಡಿದಾಗ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಾಕೆ. ಈಗಲೂ ತಮ್ಮನನ್ನು 'ಪುಟ್ಟ' ಎನ್ನುವ ಏಕೈಕ ಜೀವ. ಮಂಡಿಯ ಚಿಪ್ಪು ಬದಲಾಯಿಸಿದ ಮೇಲೆ ಕಾಲು ನೆಟ್ಟಗಾಗಲೇ ಇಲ್ಲ. ನೆಲದ ಮೇಲೆ ಕೋಲು ಹಿಡಿದರೂ ನಾಲ್ಕು ಹೆಜ್ಜೆಗೆ ನೋವು. ಎದೆಮಟ್ಟದ ನೀರಲ್ಲಿ ದಿನಾ ನಡೆದರೆ ಮಾತ್ರ ಸರಿಹೋಗುತ್ತದೆ ಎಂದಿದ್ದರು ಮಂಡಿ ಡಾಕ್ಟರು. ನಡಿಗೆ ತಪ್ಪಿದರೆ ಕಾಲು ಬಗ್ಗಿದ ಹಾಗೆಯೇ ಕೂತುಬಿಡುತ್ತದೆ, ಆಮೇಲೆ ಯಾವ ಡಾಕ್ಟರ ಕೈಲೂ ಏನೂ ಆಗದು ಎಂದೂ ಹೇಳಿದ್ದರು. ಹಾಗಾಗಿ ಆಕೆ ತಮ್ಮನ ಮನೆಗೆ ಬಂದಿದ್ದು. ಕೋಲನ್ನು ಮೆಟ್ಟಿಲ ಪಕ್ಕ ಒರಗಿಸಿ ನೀರಿಗಿಳಿದರೆ ಆಕೆ ಬೇರೆಯೇ ಹೆಂಗಸು. ಚಿಕ್ಕಂದಿನಲ್ಲಿ ಅಜ್ಜ ಹಾಡುತ್ತಿದ್ದುದನ್ನು ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳನ್ನು ಹೇಳಿಕೊಳ್ಳುತ್ತ ಆ ಗೋಡೆಯಿಂದ ಈ ಗೋಡೆಗೆ ಹೋಗುವಳು. ಒಂದು ಸಾಲಿಗೆ ಒಂದು ಅಗಲ. ಸಾಲಿನ ಕೊನೆಗೆ ಪಲ್ಲವಿ ಬಂದಾಗ ಗೋಡೆ ಮುಟ್ಟಿ ತಿರುಗುವುದು. "ನೀರಲ್ಲಿ ನಂಗೆ ಮಂಡೀನೇ ಇಲ್ಲ ಕಣೋ" ಅನ್ನುತ್ತಿದ್ದಳು.

ಈಗ ಆಕೆ ಹಿಂದಿನ ಜಗಲಿಯ ಕುರ್ಚಿಯಲ್ಲಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ಪದ್ಯ ಶುರುಮಾಡುತ್ತಿದ್ದಳು, ಎರಡನೆಯ ಸಾಲಿಗೆ ನಿಲ್ಲಿಸುತ್ತಿದ್ದಳು. ಮರೆತಿದ್ದಲ್ಲ, ಕಾಲು ಆಡದೆ ಸಾಲು ಮುಂದೆ ಹೋಗುತ್ತಿರಲಿಲ್ಲ.

ಆಡಿಟರು ಪರೀಕ್ಷೆಯ ಪೆಟ್ಟಿಗೆಯಿಂದ ಇನ್ನೊಂದು ನಳಿಗೆ ತೆಗೆದರು. ಇದರ ತಳದಲ್ಲಿ ಒಂದು ಕಪ್ಪು ಚುಕ್ಕೆ. ಕೊಳದ ನೀರಿಗೆ ಔಷಧಿ ಬೆರೆಸಿದರೆ ಅದು ಹಾಲಿನಂತೆ ಕದಡುತ್ತದೆ. ಆ ನೀರನ್ನು ನಳಿಗೆಗೆ ನಿಧಾನವಾಗಿ ಸುರಿಯುತ್ತ ಮೇಲಿನಿಂದ ನೋಡಬೇಕು. ಯಾವ ಗೆರೆಗೆ ಬಂದಾಗ ಚುಕ್ಕೆ ಕಾಣೆಯಾಗುತ್ತದೋ ಅಲ್ಲಿಗೆ ಸ್ಟೆಬಿಲೈಜರಿನ ಲೆಕ್ಕ ಸಿಕ್ಕಿತು. ಚುಕ್ಕೆ ಎಷ್ಟು ಬೇಗ ಮಾಯವೋ ಸ್ಟೆಬಿಲೈಜರ್ ಅಷ್ಟು ಜಾಸ್ತಿ. ಆಡಿಟರು ಕನ್ನಡಕ ಏರಿಸಿ, ಉಸಿರು ಹಿಡಿದು ಸುರಿದರು. ಸುರಿಯಲು ಶುರುಮಾಡಿದ್ದಷ್ಟೇ, ಚುಕ್ಕೆ ಹೋಗಿಯೇಬಿಟ್ಟಿತು, ಗೆರೆಗಳ ಹತ್ತಿರಕ್ಕೂ ಬರಲಿಲ್ಲ.

ಈ ವಿದ್ಯೆಯನ್ನು ಮನೆಯವರಿಗೆಲ್ಲ ಊಟದ ಹೊತ್ತಿಗೆ ಬೋಧಿಸಿದವರೇ ಅವರು. ಬಿಸಿಲಿಗೆ ಕ್ಲೋರಿನ್ ಕಂಡರಾಗದು, ಮಧ್ಯಾಹ್ನದೊಳಗೆ ನೆಕ್ಕಿ ಮುಗಿಸಿಬಿಡುತ್ತದೆ. ಅದಕ್ಕೆ ಸ್ಟೆಬಿಲೈಜರ್ ಬೇಕು, ಅದು ಕ್ಲೋರಿನ್ನಿನ ತಲೆಯ ಮೇಲೆ ಹಿಡಿದ ಕೊಡೆ. ಬಾತುಕೋಳಿಯ ಹೊಟ್ಟೆಯಲ್ಲಿಡುವ ಬಿಳಿ ಬಿಲ್ಲೆಯಲ್ಲಿ ಎರಡನ್ನೂ ಸೇರಿಸಿಯೇ ಅಚ್ಚು ಹಾಕಿರುತ್ತಾರೆ. ಬಿಲ್ಲೆ ಕರಗುತ್ತದೆ, ಕ್ಲೋರಿನ್ ತನ್ನ ಕೆಲಸ ಮಾಡಿ ಮುಗಿದುಹೋಗುತ್ತದೆ. ಸ್ಟೆಬಿಲೈಜರ್ ಮಾತ್ರ ಊಟ ಮುಗಿದರೂ ಏಳದ ನೆಂಟ. ಆವಿಯಾಗದು, ಸೋಸಿದರೆ ಸಿಗದು. ದಿನ ಕಳೆದಂತೆ ಸೇರುತ್ತಲೇ ಹೋಗುತ್ತದೆ. ಅತಿಯಾಯಿತೋ, ಕೊಡೆ ಹಿಡಿಯುವುದು ಬಿಟ್ಟು ಕ್ಲೋರಿನ್ನನ್ನು ಬಿಗಿದಪ್ಪಿ ಕೂತುಬಿಡುತ್ತದೆ. ಎದುರಿಗೇ ಪಾಚಿ ಬೆಳೆದರೂ ಕ್ಲೋರಿನ್ ಕೈಯಾಡಿಸುವ ಹಾಗಿಲ್ಲ. ಆಗ ಉಳಿಯುವ ದಾರಿ ಒಂದೇ. ನೀರನ್ನು ಹೊರಗೆ ಚೆಲ್ಲಿ ಹೊಸದು ತುಂಬಬೇಕು.

ಆದರೆ ವಾರಕ್ಕೆ ಒಂದು ಬಿಲ್ಲೆ ಹಾಕಿದ್ದರೆ ಒಂದು ಬೇಸಿಗೆಯಲ್ಲಿ ಇಷ್ಟಾಗುವ ಮಾತೇ ಇಲ್ಲ. ಆಡಿಟರು ಮನಸ್ಸಿನಲ್ಲೇ ಕೂಡಿದರು, ಮತ್ತೆ ಕೂಡಿದರು. ಎರಡನೆಯ ಸಲ ಕೂಡಿದ ಮೇಲೆ ನಳಿಗೆಯನ್ನು ಕೆಳಗಿಟ್ಟರು.

ಕಚೇರಿಯಲ್ಲಿ ಅವರದೊಂದು ಪದ್ಧತಿಯಿತ್ತು. ಒಂದೇ ಲೆಕ್ಕದ ಕಟ್ಟನ್ನು ಇಬ್ಬರು ಗುಮಾಸ್ತರಿಗೆ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ ಕೊಡುವುದು. ಕೊಡುವಾಗ ಇಬ್ಬರಿಗೂ ಬೇರೆ ಬೇರೆಯಾಗಿ, "ಇದನ್ನ ಬೇರೆ ಯಾರ ಕೈಲೂ ಕೊಡೋ ಹಾಗಿಲ್ಲ, ನಿಮ್ಮೊಬ್ಬರನ್ನೇ ನಂಬಿದೀನಿ" ಅನ್ನುವುದು. ಎರಡು ಮೊತ್ತ ತಾಳೆಯಾದರೆ ಲೆಕ್ಕ ಸರಿ. ಒಬ್ಬ ಮರೆತರೂ ಇನ್ನೊಬ್ಬನದು ಕೈಗೆ ಸಿಗುತ್ತದೆ. ಈ ಪದ್ಧತಿಯಿಂದ ಅವರ ಸೇವಾವಧಿಯಲ್ಲಿ ಒಂದು ತಪ್ಪೂ ನುಸುಳಲಿಲ್ಲ. ಹಾಗೆಯೇ, ಸಹೋದ್ಯೋಗಿ ಒಬ್ಬನೂ ಚಹಾಕ್ಕೆ ಕರೆಯಲಿಲ್ಲ.

ಬೇಸಿಗೆಯಲ್ಲಿ ಹೊರಡುವಾಗ ಬಿಲ್ಲೆಯ ಕೆಲಸವನ್ನೂ ಅವರು ಹಾಗೆಯೇ ವಹಿಸಿದ್ದರು. ಹೆಂಡತಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಸೋಮವಾರ ಎಂದರು. ಮಹಡಿಯ ಮೇಲಿರುವ ಮಗಳಿಗೆ ಮೆಟ್ಟಿಲಲ್ಲಿ ಬುಧವಾರ. ಹಲ್ಲಿನ ಡಾಕ್ಟರಾದ ಅಳಿಯನಿಗೆ, ಅವನ ಕ್ಲಿನಿಕ್ಕಿಗೇ ಹೋಗಿ, ರೋಗಿಯ ಕುರ್ಚಿಯಲ್ಲೇ ಕೂತು, ಶುಕ್ರವಾರ. ಅಕ್ಕನಿಗೆ ಭಾನುವಾರ. ಬಾತುಕೋಳಿಯ ಹೊಟ್ಟೆಯಲ್ಲಿ ಹಳೆಯ ಬಿಲ್ಲೆ ಇನ್ನೂ ಉಳಿದಿದ್ದರೂ ತಲೆಕೆಡಿಸಿಕೊಳ್ಳದೆ ಮೇಲೊಂದು ಇಟ್ಟುಬಿಡಿ ಎಂದೂ ಹೇಳಿದ್ದರು. ಇಲ್ಲದಿದ್ದರೆ ಒಬ್ಬರು ಇಟ್ಟದ್ದನ್ನು ಕಂಡು ಇನ್ನೊಬ್ಬರು ಅನುಮಾನ ಪಡುತ್ತಿದ್ದರಲ್ಲ. ನಾಲ್ವರಲ್ಲಿ ಮೂವರಾದರೂ ಮರೆಯುತ್ತಾರೆ, ಒಬ್ಬರದು ದಕ್ಕುತ್ತದೆ. ಇದು ಅವರ ಅಂದಾಜು.

ಇನ್ನೂ ಆಸೆ ಬಿಟ್ಟಿರಲಿಲ್ಲ. ಯಾರಾದರೂ ಒಬ್ಬರು ಅವಸರದಲ್ಲಿ ಹಿಡಿ ಹಿಡಿ ಸುರಿದಿರಬೇಕು. ಅಂಥವರನ್ನು ಹಿಡಿದು ಬುದ್ಧಿ ಹೇಳಿದರೆ ಮುಗಿಯಿತು. ಅವರು ನಳಿಗೆಗಳನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು, ವಿಚಾರಣೆಗೆ ಹೊರಟರು.

ಹೆಂಡತಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಆಡಿಟರು ಅತ್ತಿತ್ತ ನೋಡಿ, ಬಿಲ್ಲೆ ಹಾಕೋದು ಒಂದೆರಡು ಸಲ ಮರೆತಿರಬೇಕಲ್ಲ, ಮರೆತರೂ ಪರವಾಗಿಲ್ಲ ಎಂದರು, ಪರವಾಗಿಲ್ಲ ಎಂಬುದನ್ನು ಒತ್ತಿ. ಹೆಂಡತಿ ಚಾಕು ಕೆಳಗಿಟ್ಟರು. ಒಂದು ಸೋಮವಾರವೂ ತಪ್ಪಿಸಿಲ್ಲ ಎಂದರು. ಜ್ವರ ಬಂದಾಗಲೂ ಶಾಲು ಹೊದ್ದು ಹೋಗಿದ್ದರಂತೆ. "ಮೊದಲನೇ ಸಲ ಒಂದು ಕೆಲಸ ನಂಗೆ ಬಿಟ್ಟು ಹೋಗಿದ್ರಿ. ಮರೀತೀನಾ?" ಅಂದು, ಮತ್ತೆ ಚಾಕು ತೆಗೆದುಕೊಂಡರು. ಮುಖದಲ್ಲಿ ಒಂದು ಬೆಳಕಿತ್ತು. ಅದನ್ನು ನೋಡಲಾಗದೆ ಆಡಿಟರು ನೀರು ಕುಡಿದು ಹೊರಬಂದರು.

ಮಗಳೂ ಮರೆತಿರಲಿಲ್ಲ. ಬುಧವಾರ ಬೆಳಗ್ಗೆ ಗಂಡನಿಗೆ ಗೊತ್ತಾಗದ ಹಾಗೆ ಕೆಳಗಿಳಿಯುವುದೇ ಕಷ್ಟವಾಗಿತ್ತಂತೆ. ಒಣಗಿದ ಬಟ್ಟೆಯನ್ನೇ ಬಕೆಟ್ಟಿಗೆ ತುಂಬಿಕೊಂಡು ಮತ್ತೆ ಒಣಹಾಕಲು ಹೋಗುತ್ತಿದ್ದಳಂತೆ. "ನೀವು ಯಾರಿಗೂ ಹೇಳ್ಬೇಡ ಅಂದಿದ್ರಲ್ಲಪ್ಪ, ಅವರಿಗೂ ಹೇಳಿಲ್ಲ" ಎಂದು ಪಿಸುಗುಟ್ಟಿದಳು.

ಅಳಿಯ ಕೈಗವಸು ತೊಟ್ಟು, ಹಲ್ಲು ಕೀಳುವ ಇಕ್ಕಳದಲ್ಲಿ ಬಿಲ್ಲೆ ಹಿಡಿದು ಬಾತುಕೋಳಿಯ ಹೊಟ್ಟೆಗೆ ಇಡುತ್ತಿದ್ದನಂತೆ, ಕೈ ತಾಗಿ ಕೊಳೆಯಾಗಬಾರದು ಅಂತ. ಮದುವೆಯಾದಾಗಿನಿಂದ ಮಾವ ತನ್ನನ್ನು ಒಂದು ಬಲ್ಬು ಬದಲಾಯಿಸಲೂ ಬಿಟ್ಟಿರಲಿಲ್ಲ, ಅಂಥದ್ದರಲ್ಲಿ ಇಡೀ ಕೊಳ. ಆದರೂ ನೀರು ಹಸಿರಾಯಿತಲ್ಲ ಎಂದು ಪೇಚಾಡಿದ. ಏನು ತಪ್ಪು ಮಾಡಿದೆನೋ ಎಂದು ಯೋಚಿಸಿ ಯೋಚಿಸಿ ಮೊನ್ನೆ ಒಬ್ಬ ರೋಗಿಯ ಎಡದ ಹಲ್ಲಿನ ಬದಲು ಬಲದ್ದನ್ನು ಉಜ್ಜಿಬಿಟ್ಟನಂತೆ. ಪುಣ್ಯಕ್ಕೆ ಉಜ್ಜಿದ್ದಷ್ಟೇ.

ಅಕ್ಕನನ್ನು ಕೇಳುವ ಧೈರ್ಯ ಆಡಿಟರಿಗೆ ಬರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನೀರಲ್ಲಿ ನಡೆಯುವಾಗ ಬಾತುಕೋಳಿಯೇ ತೇಲಿಕೊಂಡು ಆಕೆಯ ಹತ್ತಿರ ಬರುತ್ತಿತ್ತು. ಆಕೆ ಸಾಕಿದ ಹಕ್ಕಿಗೆ ಕಾಳು ಕೊಡುವ ಹಾಗೆ ಕೊಟ್ಟಿರುತ್ತಾಳೆ.

ನೀರು ಚೆಲ್ಲಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಚೆಲ್ಲಿದರೆ ಯಾಕೆ ಎಂದು ನಾಲ್ವರೂ ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ನಾಲ್ವರಿಗೂ ಎಲ್ಲ ಗೊತ್ತಾಗುತ್ತದೆ. ಆದ್ದರಿಂದ ಅವರು ಆ ದಿನ ಅಂಗಡಿಯಿಂದ ದ್ರವದ ಕ್ಲೋರಿನ್ ಕ್ಯಾನು ಹೊತ್ತು ತಂದು ಸುರಿದರು. ನೀರು ಮಧ್ಯಾಹ್ನ ಒಂದಿಷ್ಟು ತಿಳಿಯಾದಂತೆ ನಟಿಸಿ, ಮರುದಿನ ಮತ್ತೆ ಹಸಿರಾಯಿತು. ಅವರು ಮತ್ತೆ ಸುರಿದರು. ಬ್ರಷ್ಷಿನಲ್ಲಿ ಗೋಡೆ ತಿಕ್ಕಿದರು. ಸೋಸುವ ಪಂಪನ್ನು ಹಗಲಿಡೀ ಓಡಿಸಿದರು. ಪಂಪಿಗೆ ಬುದ್ಧಿ ಹೇಳಿದರು. ಹೆಂಡತಿ ಕಿಟಕಿಯಿಂದ ನೋಡಿ, ಸ್ವಲ್ಪ ನೀರು ತೆಗೆದು ಹೊಸದು ಬಿಡಬಾರದೇ, ನೀವೇ ಹೇಳ್ತಿದ್ರಲ್ಲ ಎಂದರೆ, ಅದು ಅಷ್ಟು ಸುಲಭದ ವಿಷಯವಲ್ಲ ಎಂದು ಗೊಣಗಿದರು. ಅದಂತೂ ನಿಜವಾಗಿತ್ತು.

ಅಷ್ಟರಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಬಂದು ಅಕ್ಕನ ಕಾಲು ಚಾಚಿಸಿ ನೋಡಿದಳು. ಹಿಂದಿನ ಸಲ ಬಂದಿದ್ದಾಗ ಚಾಚಿದ್ದಷ್ಟೂ ಈಗ ಚಾಚುತ್ತಿಲ್ಲ, ಮತ್ತೆ ಬಿಗಿಯುತ್ತಿದೆ ಎಂದಳು. ಇನ್ನು ತಡಮಾಡಬೇಡಿ ಎಂದು ಹೊರಡುವಾಗ ಮತ್ತೊಮ್ಮೆ ಹೇಳಿದಳು, ಅದೂ ಆಡಿಟರ ಕಡೆಗೆ ನೋಡಿ.

ರಜೆಯ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅಕ್ಕ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ ಎಲ್ಲರೂ ಕೇಳುವ ಹಾಗೆ ಮಾತು ತೆಗೆದಳು.

"ಪುಟ್ಟ, ನೀನಿನ್ನು ಆ ನೀರಿಗೆ ಒದ್ದಾಡಬೇಡ ಕಣೋ. ನಾನು ಇನ್ಮೇಲೆ ಇಳಿಯಲ್ಲ."

ಯಾಕೆ ಎಂದು ಮಗಳು ಕೇಳಿದಳು. ಅಕ್ಕ ಹೇಳಿದಳು. ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತೇನೆ, ಬೆಳಗ್ಗೆ ಒರೆಸಿಕೊಂಡೇ ಇಳಿದರೂ ಜಿಡ್ಡು ಹೋಗಬೇಕಲ್ಲ. ಆ ಎಣ್ಣೆಯೇ ನೀರನ್ನು ಕೆಡಿಸಿದ್ದು. ಈ ಮನೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ಹೇಳದಿದ್ದರೂ ನನಗೆ ತಿಳಿಯುವುದಿಲ್ಲವೇ. ಕೋಲು ಹಿಡಿದು ಎಷ್ಟಾಗುತ್ತದೋ ಅಷ್ಟು ನಡೆದರಾಯಿತು, ಈ ವಯಸ್ಸಿಗೆ ಇನ್ನೆಲ್ಲಿಗೆ ಓಡಬೇಕಾಗಿದೆ. ಹೇಳುವಾಗ ಆಕೆಯ ದನಿಯಲ್ಲಿ ದುಃಖವಿರಲಿಲ್ಲ, ಎಲ್ಲ ತೀರ್ಮಾನಿಸಿ ಬಂದವರ ಸಮಾಧಾನವಿತ್ತು. ಆಡಿಟರು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ್ದು ಆ ಸಮಾಧಾನಕ್ಕೆ.

"ಎಣ್ಣೆ ಅಲ್ಲ ಅಕ್ಕ," ಎಂದರು.

"ಮತ್ತೇನೋ?"

"ಬಿಲ್ಲೆ ಜಾಸ್ತಿಯಾಗಿದೆ."

ಅಕ್ಕ ತಲೆಯೆತ್ತಿದಳು. "ಹೆಂಗೆ ಜಾಸ್ತಿಯಾಗತ್ತೆ? ನೀನು ಹೇಳಿದ ಹಾಗೇ ಭಾನುವಾರಕ್ಕೊಂದೇ ಹಾಕಿದೀನಿ."

ಅಳಿಯನ ಕೈ ತಟ್ಟೆಯಲ್ಲಿ ನಿಂತಿತು. "ಭಾನುವಾರ? ಶುಕ್ರವಾರ ಅಲ್ವಾ ಅತ್ತೆ?" ಎಂದ. "ಯಾವ ಶುಕ್ರವಾರ ರೀ?" ಎಂದಳು ಮಗಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಣಗಿದ ಬಟ್ಟೆ ಮತ್ತೆ ಮತ್ತೆ ಒಣಗಿದ್ದು ಯಾಕೆಂದು ಅವನಿಗೂ, ಸಿಗ್ನಲ್ ಸಿಗುವುದಿಲ್ಲ ಎಂದು ಪ್ರತಿ ಶುಕ್ರವಾರ ಫೋನು ಹಿಡಿದು ಅವನು ಕೊಳದ ಹತ್ತಿರ ಓಡುತ್ತಿದ್ದುದು ಯಾಕೆಂದು ಅವಳಿಗೂ ಒಟ್ಟಿಗೇ ಹೊಳೆಯಿತು. ಕೆಲವು ವಾರಗಳಿಂದ ಅವಳು ಆ ಫೋನಿನ ಬಗ್ಗೆ ಬೇರೆಯೇ ಏನೇನೋ ಯೋಚಿಸಿ ಕಣ್ಣೀರಿಟ್ಟಿದ್ದಳು ಎಂಬುದು ಆಮೇಲೆ ಗೊತ್ತಾಯಿತು.

ಆಡಿಟರು ಎಲ್ಲವನ್ನೂ ಹೇಳಿದರು. ಲೆಕ್ಕ ಒಪ್ಪಿಸುವವರ ಹಾಗೆ, ಯಾರ ಮುಖವನ್ನೂ ನೋಡದೆ, ಉಪ್ಪಿನ ಬಟ್ಟಲನ್ನು ನೋಡುತ್ತ. ಯಾರಾದರೂ ಮರೆತರೆ ಎಂದು ನಾಲ್ವರಿಗೂ ಹೇಳಿದ್ದೆ ಎಂದರು. ಅಕ್ಕನ ನಡಿಗೆ ತಪ್ಪಬಾರದು ಅಂತಲೇ ಎಂದೂ ಸೇರಿಸಿದರು.

"ನಾಲ್ಕು ಜನಾನೂ ಹಾಕಿದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಿತ್ತಲ್ಲ ಮಾವ," ಎಂದ ಅಳಿಯ, ವ್ಯಂಗ್ಯವಿಲ್ಲದೆ, ನಿಜವಾದ ಕುತೂಹಲದಿಂದ.

"ಮೂರು ಜನ ಮರೀತೀರಾ ಅಂದ್ಕೊಂಡಿದ್ದೆ."

ಮೊದಲು ನಕ್ಕವಳು ಅಕ್ಕ. ಕೆಮ್ಮು ಬರುವವರೆಗೆ ನಕ್ಕಳು, ಸ್ಟೂಲಿನ ಮೇಲಿದ್ದ ಕಾಲು ಕೆಳಗೆ ಜಾರುವವರೆಗೆ. "ಲೋ ಪುಟ್ಟ, ಲೆಕ್ಕಾನ ನಾಲ್ಕು ಜನ ಕೂಡಿದ್ರೂ ಮೊತ್ತ ಒಂದೇ ಕಣೋ. ಬಿಲ್ಲೇನ ನಾಲ್ಕು ಜನ ಹಾಕಿದ್ರೆ ನಾಲ್ಕೇ," ಎಂದಳು. ಮಗಳು ನಕ್ಕಳು, ಅಳಿಯ ಅನುಮತಿಗೆ ಕಾಯುವವನ ಹಾಗೆ ಮಾವನ ಮುಖ ನೋಡಿ ಆಮೇಲೆ ನಕ್ಕ. ಒಬ್ಬರಾದರೂ ಮರೆಯಬಾರದಿತ್ತೇ, ಇಂಥ ಜನರ ಜೊತೆ ಬಾಳುವುದು ಹೇಗೆ ಎಂದು ಆಡಿಟರೂ ನಗಲು ಪ್ರಯತ್ನಿಸಿದರು.

ಹೆಂಡತಿ ನಗಲಿಲ್ಲ. ತಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು. ಒಂದು ತಟ್ಟೆ ತೊಳೆಯಲು ಹಿಡಿಯುವುದಕ್ಕಿಂತ ಬಹಳ ಹೊತ್ತು ಆ ನಲ್ಲಿ ಹರಿಯುತ್ತಿತ್ತು. ಆಡಿಟರು ಎದ್ದು ಬಾಗಿಲವರೆಗೆ ಹೋದರು, ಬೇಸಿಗೆಯಲ್ಲಿ ಆಕೆಯನ್ನು ನಿಲ್ಲಿಸಿ ಪಿಸುಗುಟ್ಟಿದ್ದ ಅದೇ ಬಾಗಿಲು. ಆಕೆ ತಿರುಗಲಿಲ್ಲ.

"ಸೋಮವಾರ ಬಂತು ಅಂದ್ರೆ ನಂಗೆ ಖುಷಿಯಾಗ್ತಿತ್ತು," ಎಂದರಷ್ಟೇ.

ಆ ಸಂಜೆಯೇ ಕೊಳದ ಪಂಪಿಗೆ ಉದ್ದನೆಯ ಪೈಪು ಸಿಕ್ಕಿಸಿದರು. ಹಸಿರು ನೀರು ಗೇಟಿನ ಪಕ್ಕದ ಚರಂಡಿಗೆ ಬಳಬಳ ಸುರಿಯಿತು. ಗಿಡಗಳಿಗಾದರೂ ಬಿಡಬಹುದಲ್ಲ ಎಂದು ಕೇಳಿದ ಅಳಿಯನಿಗೆ ಆಡಿಟರು, ಇಷ್ಟು ಕ್ಲೋರಿನ್ ಕುಡಿದರೆ ಗಿಡದ ಹಲ್ಲೂ ಉದುರುತ್ತದೆ ಎಂದರು. ಮಾವ ತನ್ನೊಡನೆ ಮಾಡಿದ ಮೊದಲ ತಮಾಷೆ ಎಂದು ಅವನು ಅದನ್ನು ರೋಗಿಗಳಿಗೆಲ್ಲ ಹೇಳಿಕೊಂಡು ತಿರುಗಿದ. ನೀರು ಇಳಿದಂತೆ ಮೆಟ್ಟಿಲುಗಳು ಒಂದೊಂದಾಗಿ ಮೇಲೆದ್ದವು. ಬಾತುಕೋಳಿ ಇಳಿದು ಇಳಿದು ಮೂಲೆಯ ಕೆಸರಿನಲ್ಲಿ ಪಕ್ಕಕ್ಕೆ ವಾಲಿ ಮಲಗಿತು. ಮಗಳು, ಅಳಿಯ ಬ್ರಷ್ಷು ಹಿಡಿದು ಒಳಗಿಳಿದು ಗೋಡೆ ತಿಕ್ಕಿದರು. ಅಕ್ಕ ಕುರ್ಚಿಯನ್ನು ಅಂಚಿಗೆ ಹಾಕಿಸಿಕೊಂಡು, ಅಲ್ಲಿ ಬಿಟ್ಟಿದ್ದೀಯ, ಇಲ್ಲಿ ಬಿಟ್ಟಿದ್ದೀಯ ಎಂದು ಕೋಲಿನಿಂದ ತೋರಿಸಿದಳು.

ಹೊಸ ನೀರು ತುಂಬಿತು. ಹೊಸ ನೀರಲ್ಲಿ ಸ್ಟೆಬಿಲೈಜರ್ ಇಲ್ಲವೇ ಇಲ್ಲ. ಕೊಡೆಯಿಲ್ಲದೆ ಕ್ಲೋರಿನ್ ಒಂದು ಹಗಲೂ ಬಾಳದು. ಅದಕ್ಕೆ ಬರಿಯ ಸ್ಟೆಬಿಲೈಜರ್ ಪುಡಿಯನ್ನು ಒಂದು ಹಳೆಯ ಕಾಲುಚೀಲದಲ್ಲಿ ಕಟ್ಟಿ, ಪಂಪಿನ ನೀರು ಬಂದು ಬೀಳುವ ಬಾಯಿಗೆ ತೂಗುಬಿಟ್ಟರು. ಅದು ಬೇಗ ಕರಗುವ ಜಾತಿಯಲ್ಲ. ಆಡಿಟರು ಆಗಾಗ ಹೋಗಿ ಕಾಲುಚೀಲ ಹಿಸುಕುವರು, ಮತ್ತೆ ನಳಿಗೆಯಲ್ಲಿ ನೋಡುವರು. ಕೊನೆಗೊಮ್ಮೆ ಸುರಿದ ನೀರು ಬೇಕಾದ ಗೆರೆಗೆ ಬರುವವರೆಗೂ ಚುಕ್ಕೆ ಕಂಡಿತು, ಗೆರೆ ಮುಟ್ಟಿದಾಗ ಮೆಲ್ಲಗೆ ಮಾಯವಾಯಿತು. ಅವರು ನಳಿಗೆಯನ್ನು ತಂದು ಹೆಂಡತಿಗೆ ತೋರಿಸಿದರು. ಹೆಂಡತಿ ನೋಡಿ, ಸರಿ ಎಂದರು.

ಅಕ್ಕ ನೀರಿಗಿಳಿದ ಬೆಳಗ್ಗೆ ಯಾರೂ ನೋಡಲು ಬಂದು ನಿಲ್ಲಲಿಲ್ಲ, ಎಲ್ಲರೂ ಅವರವರ ಕಿಟಕಿಯಲ್ಲಿದ್ದರು. ಮೊದಲ ಅಗಲಕ್ಕೆ ಅಂಚಿನ ಕಂಬಿ ಹಿಡಿದೇ ಹೋದಳು. ಎರಡನೆಯದಕ್ಕೆ ಒಂದು ಕೈ. ಆಮೇಲೆ ಎರಡೂ ಕೈ ನೀರಿನ ಮೇಲೆ ಹರಡಿದಳು. ಪದ್ಯ ಶುರುವಾಯಿತು, ಎರಡನೆಯ ಸಾಲಿಗೆ ಬಂದು ಒಂದು ಕ್ಷಣ ತಡೆಯಿತು, ಕಾಲು ಮುಂದಿಟ್ಟಳು, ಮೂರನೆಯ ಸಾಲು ಬಂತು.

ಕೆಲವು ದಿನಗಳಲ್ಲೇ ಹಳೆಯ ಕಚೇರಿಯಿಂದ ಮತ್ತೆ ಕರೆ ಬಂತು, ಉಳಿದದ್ದು ಸ್ವಲ್ಪವೇ, ನೀವೇ ಬಂದು ಮುಗಿಸಿಕೊಡಿ ಅಂತ. ಹೊರಡುವ ಬೆಳಗ್ಗೆ ಆಡಿಟರು ಎಲ್ಲರನ್ನೂ ಕೊಳದ ಹತ್ತಿರ ಕರೆದು, ಎಲ್ಲರ ಕಣ್ಣೆದುರಿಗೆ, ಬಿಲ್ಲೆಗಳ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಒಬ್ಬಳೇ, ವಾರಕ್ಕೆ ಒಂದೇ, ಇನ್ನು ಯಾರೂ ಬಾತುಕೋಳಿಯನ್ನು ಮುಟ್ಟುವ ಹಾಗಿಲ್ಲ ಎಂದರು. ಇದು ಅವರು ಜೀವಮಾನದಲ್ಲೇ ಬಹಿರಂಗವಾಗಿ ಒಪ್ಪಿಸಿದ ಮೊದಲ ಕೆಲಸವಾಗಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಳಿಯ ಚಪ್ಪಾಳೆ ತಟ್ಟಿದ. ಅಕ್ಕ ಡಬ್ಬಿಯನ್ನು ಅಂಚಿನಲ್ಲಿಟ್ಟು ನೀರಿಗಿಳಿದಳು.

ಹೆಂಡತಿ ಬಟ್ಟೆಯ ತಂತಿಯ ಹತ್ತಿರ ನಿಂತು, ಪುಡಿ ಕಟ್ಟಿದ್ದ ಕಾಲುಚೀಲವನ್ನು ತೊಳೆದು ಹಿಂಡುತ್ತಿದ್ದರು. ಆಡಿಟರು ಚೀಲವನ್ನು ಹೆಗಲಿಗೇರಿಸಿ ಗೇಟಿನವರೆಗೆ ಹೋದರು. ನಿಂತರು. ಕೊಳದ ಕಡೆಗೊಮ್ಮೆ ನೋಡಿದರು. ಹಿಂದಕ್ಕೆ ಬಂದು ತಂತಿಯ ಪಕ್ಕದಲ್ಲಿ ನಿಂತು, ದನಿ ತಗ್ಗಿಸಿದರು.

"ಅಕ್ಕನಿಗೆ ವಯಸ್ಸಾಯ್ತು ನೋಡು. ಯಾರಿಗೂ ಗೊತ್ತಾಗೋದು ಬೇಡ, ನೀನೂ ಸುಮ್ನೆ ಒಂದು ಕಣ್ಣಿಟ್ಟಿರು."

ನೀರಲ್ಲಿ ಅಕ್ಕ ಪಲ್ಲವಿಗೆ ಬಂದಿದ್ದಳು. ಗೋಡೆ ಮುಟ್ಟಿ ತಿರುಗಿದಳು. ಅವಳೆಬ್ಬಿಸಿದ ಅಲೆಗೆ ಬಾತುಕೋಳಿಯೂ ಅತ್ತ ತಿರುಗಿತು. ಹೆಂಡತಿ ಕಾಲುಚೀಲವನ್ನು ಒಮ್ಮೆ ಜಾಡಿಸಿ ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿದರು.

"ಇಡಲ್ಲ," ಎಂದರು.